ತೀರ್ಥೋದ್ಭವದ ಗಳಿಗೆಗೆ ತಲಕಾವೇರಿಯಲ್ಲಿ ಇರಲೇಬೇಕೆ?

ಮಂಡಿನೋವಿರುವ ತಾಯಿಯನ್ನು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಕಾವೇರಿ ತೀರ್ಥ ಉಕ್ಕುವ ಉದ್ಭವದ ಗಳಿಗೆಗೆ ಸರಿಯಾಗಿ ಮುಳುಗದಿದ್ದರೆ ಫಲವಿಲ್ಲವೇ ಎಂದು ಕೇಳಿದ್ದೀರಿ. ಧಾರಾಳವಾಗಿ ಇದೆ. ದಯವಿಟ್ಟು ಆ ಗಳಿಗೆಯ ಹಿಂದೆ ಬಿದ್ದು ಅವರನ್ನು ನೂಕುನುಗ್ಗಲಿಗೆ ಒಯ್ಯಬೇಡಿ.

ಸೂರ್ಯ ತುಲಾ ರಾಶಿಯಲ್ಲಿರುವ ತುಲಾ ಮಾಸವಿಡೀ ಕಾವೇರಿ ಸ್ನಾನಕ್ಕೆ ಪುಣ್ಯಕಾಲ. ಆ ತಿಂಗಳು ಗಂಗೆಯೇ ಕಾವೇರಿಯಲ್ಲಿ ಬಂದು ಮೀಯುತ್ತಾಳೆ ಅನ್ನುವ ನಂಬಿಕೆ ನದಿಯುದ್ದಕ್ಕೂ ಇದೆ. ತಮಿಳುನಾಡಿನ ಮಯಿಲಾಡುತುರೈಯಲ್ಲಂತೂ ತಿಂಗಳ ಕೊನೆಯ ದಿನದ ಮುಳುಗೇ ದೊಡ್ಡದು, ಅದಕ್ಕೆ ಕಡೈ ಮುಳುಕ್ಕು ಅನ್ನುತ್ತಾರೆ. ಅದರ ಮಾರನೆಯ ದಿನ ಮುಡವನ್ ಮುಳುಕ್ಕು, ಅಂದರೆ ಕುಂಟನ ಮುಳುಗು. ಕಾಲಿಲ್ಲದ ಭಕ್ತನೊಬ್ಬ ಎಷ್ಟು ಕಷ್ಟಪಟ್ಟು ಬಂದರೂ ತಲುಪುವಷ್ಟರಲ್ಲಿ ತಿಂಗಳು ಮುಗಿದಿತ್ತಂತೆ. ಶಿವ ಅವನಿಗೋಸ್ಕರ ಒಂದು ದಿನ ಹೆಚ್ಚು ಕೊಟ್ಟ. ಇಂದಿಗೂ ಜನ ಆ ದಿನ ಮೀಯುತ್ತಾರೆ. ಅಮ್ಮನಿಗೆ ಈ ಕಥೆ ಹೇಳಿ, ಅವರ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣವೇ ತೀರ್ಥೋದ್ಭವ. ಅದು ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಹೋಗುತ್ತದೆ. 2022ರಲ್ಲಿ ಸಂಜೆ ಏಳು ದಾಟಿತ್ತು, 2023ರಲ್ಲಿ ನಡುರಾತ್ರಿ ಒಂದು ಗಂಟೆಯ ಮೇಲೆ, 2024ರಲ್ಲಿ ಬೆಳಿಗ್ಗೆ, 2025ರಲ್ಲಿ ಮಧ್ಯಾಹ್ನ. ಅಕ್ಟೋಬರ್ 17ರ ಆಚೀಚೆ ತಲಕಾವೇರಿ ಇರುವ ಬ್ರಹ್ಮಗಿರಿ ಬೆಟ್ಟದ ಮೇಲೆ ಮಂಜು, ಚಳಿ, ಒಮ್ಮೊಮ್ಮೆ ಮಳೆ. ರಾತ್ರಿಯ ಗಳಿಗೆ ಬಂದ ವರ್ಷ ವಯಸ್ಸಾದವರು ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಂತಿರುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಸಂಕ್ರಮಣ ಕಳೆದು ಎರಡು ಮೂರು ದಿನ ಬಿಟ್ಟು, ಶನಿವಾರ ಭಾನುವಾರ ಅಲ್ಲದ ದಿನ ಹೊರಡಿ. ಮೊದಲ ಸ್ನಾನ ಭಾಗಮಂಡಲದಲ್ಲಿ. ಅಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತಾಳೆ, ಸುಜ್ಯೋತಿ ಗುಪ್ತಗಾಮಿನಿ. ಪಿಂಡಪ್ರದಾನ, ಮುಡಿ ಕೊಡುವುದು ಎಲ್ಲ ಇಲ್ಲೇ ಆಗುವುದು. ನದಿಗೆ ಇಳಿಯುವ ಮುನ್ನ ಕೈಮುಗಿದು, ಸಂಕಲ್ಪ ಹೇಳಿಕೊಂಡು ಮೂರು ಮುಳುಗು ಹಾಕಿದರೆ ಸಾಕು. ಅಮ್ಮನಿಗೆ ಇಳಿಯಲು ಆಗದಿದ್ದರೆ ಮೆಟ್ಟಿಲ ಮೇಲೆ ಕೂರಿಸಿ ಚೊಂಬಿನಲ್ಲಿ ನೀರು ಹಾಕಿ. ಅಲ್ಲಿಂದ ಭಗಂಡೇಶ್ವರನ ದರ್ಶನ ಮಾಡಿ, ಎಂಟು ಕಿಲೋಮೀಟರ್ ಮೇಲಿರುವ ತಲಕಾವೇರಿಗೆ ಹೋಗಿ.

ಒಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ತೀರ್ಥ ಉಕ್ಕುವ ಬ್ರಹ್ಮಕುಂಡಿಕೆ ಬಲು ಚಿಕ್ಕದು, ಅದರೊಳಗೆ ಯಾರೂ ಇಳಿಯುವಂತಿಲ್ಲ. ಅದಕ್ಕೆ ಪೂಜೆ, ಕುಂಕುಮಾರ್ಚನೆ ನಡೆಯುತ್ತದೆ, ಉದ್ಭವವಾದಾಗ ಅರ್ಚಕರು ತೀರ್ಥ ಪ್ರೋಕ್ಷಿಸುತ್ತಾರೆ. ಜನ ಮೀಯುವುದು ಅದರ ಎದುರಿನ ಕೊಳದಲ್ಲಿ.

ತೀರ್ಥಕ್ಕೆ ಮುಚ್ಚಳ ಗಟ್ಟಿಯಿರುವ ಸ್ಟೀಲಿನ ಇಲ್ಲವೇ ತಾಮ್ರದ ಪಾತ್ರೆ ಒಯ್ಯಿರಿ. ಕೊಡಗಿನಲ್ಲಿ ಇದು ವರ್ಷವಿಡೀ ದೇವರ ಕೋಣೆಯಲ್ಲಿರುತ್ತದೆ. ನಮ್ಮಜ್ಜಿಯ ಉಸಿರು ಎಳೆಯುತ್ತಿದ್ದಾಗ ಅಪ್ಪ ಆ ಸೀಸೆ ತೆಗೆದು, ತುಳಸಿ ಎಲೆಯ ತುದಿಯಿಂದ ಎರಡು ಹನಿ ತುಟಿಗೆ ಬಿಟ್ಟರು. ಅಜ್ಜಿಯ ಗಂಟಲು ಅಲುಗಿತು, ನುಂಗಿದರು. ಆಮೇಲಿನಿಂದ ಮನೆಯಲ್ಲಿ ತೀರ್ಥ ಇಲ್ಲದ ವರ್ಷವನ್ನು ನನಗೆ ಯೋಚಿಸಲೂ ಆಗುವುದಿಲ್ಲ.

ಕೊಡವರ ಪರಿಚಯದ ಮನೆಯಿದ್ದು ಕರೆದರೆ ಮಾತ್ರ ಸಂಕ್ರಮಣಕ್ಕೇ ಬನ್ನಿ, ಆದರೆ ಬೆಟ್ಟಕ್ಕಲ್ಲ, ಮನೆಗೆ. ಸಂಕ್ರಮಣಕ್ಕೆ ಕೊಡವರು ಮನೆಯಲ್ಲಿ ಮಾಡುವ ಕಣಿಪೂಜೆಯಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಕಾವೇರಮ್ಮ ಎಂದು ಕೂರಿಸುತ್ತಾರೆ. ನಸುಕಿನಲ್ಲಿ ಮನೆಯ ಹಿರಿಯ ಹೆಂಗಸು ಮೊದಲು ಕೈಮುಗಿದ ಮೇಲೆ ಉಳಿದವರೆಲ್ಲ ಅಕ್ಕಿ ಹಾಕಿ, ಕಾಣಿಕೆಯಿಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ನಿಮ್ಮ ತಾಯಿಗೆ ಅಲ್ಲಿ ಕುರ್ಚಿಯೂ ಸಿಗುತ್ತದೆ, ಬಿಸಿ ದೋಸೆ, ಕುಂಬಳಕಾಯಿ ಕರಿಯೂ ಸಿಗುತ್ತದೆ.

ಮತ್ತೆ, ಸ್ನಾನದ ಹಳೇ ಬಟ್ಟೆಯನ್ನು ನದಿಯಲ್ಲಿ ಬಿಟ್ಟು ಬರಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಿಂಡಿ, ಚೀಲದಲ್ಲಿ ಹಾಕಿಕೊಂಡು ಬನ್ನಿ. ಸೋಪು, ಶಾಂಪೂ ಬೇಡವೇ ಬೇಡ. ಕೆಳಗಿನ ಊರುಗಳವರು ಕುಡಿಯುವುದೂ ಇದೇ ನೀರು.