ಲಾಯರ್ ಸಾಹೇಬ್ರು ಗೆಜ್ಜೆ ಕಟ್ಟಿದ್ದು ನಿಜಾನಾ?

ಪ್ರಶ್ನೆ: ಮಗಳು ಭರತನಾಟ್ಯ ಕಲೀತಿದಾಳೆ ಸಾರ್. ಮದ್ರಾಸಲ್ಲಿ ಒಬ್ರು ಲಾಯರ್ ಸೀರೆ ಉಟ್ಕೊಂಡು ಸ್ಟೇಜ್ ಮೇಲೆ ಕುಣಿದು ಈ ಡ್ಯಾನ್ಸ್ ಉಳಿಸಿದ್ರು ಅಂತ ಅವಳ ಟೀಚರ್ ಹೇಳಿದ್ರಂತೆ. ನಿಜಾನಾ, ಇಲ್ಲ ಬರೀ ಕಥೆನಾ?
– ಓದುಗರೊಬ್ಬರು, ತುಮಕೂರು

ಉತ್ತರ: ಕುಣಿದಿದ್ದು ನಿಜ ಕಣಮ್ಮ, ಒಬ್ರೇ ಉಳಿಸಿದ್ರು ಅನ್ನೋದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು. ಅವ್ರು ಇ. ಕೃಷ್ಣ ಅಯ್ಯರ್, 1897ರಲ್ಲಿ ತಿರುನೆಲ್ವೇಲಿ ಕಡೆಯ ಕಲ್ಲಿಡೈಕುರಿಚ್ಚಿಲಿ ಹುಟ್ಟಿದೋರು, ಮದ್ರಾಸಲ್ಲಿ ವಕೀಲಿಕೆ, ಜೊತೆಗೆ ಸ್ವಾತಂತ್ರ್ಯ ಚಳವಳಿ, ಅದು ಸಾಲದು ಅಂತ ನಾಟಕದ ಹುಚ್ಚು ಬೇರೆ. ಮೇಲಟ್ಟೂರು ನಟೇಶ ಅಯ್ಯರ್ ಹತ್ರ ಡ್ಯಾನ್ಸ್ ಕಲಿತು ಹೆಣ್ಣುವೇಷದಲ್ಲೇ ಊರೂರಲ್ಲಿ ಆಡಿ ತೋರಿಸ್ತಿದ್ರು. ಆಗ ಅದಕ್ಕೆ ಸದಿರ್ ಅಂತಿದ್ರು, ದೇವದಾಸಿ ಮನೆತನಗಳ ಕಲೆ, ಮರ್ಯಾದಸ್ಥರು ಅನ್ನಿಸ್ಕೊಂಡೋರು ನೋಡಿದ್ರೂ ನೋಡಿದೀನಿ ಅಂತ ಹೇಳ್ಕೊಳ್ತಿರಲಿಲ್ಲ.

ನಂಗೆ ಆ ವೇಷಕ್ಕಿಂತ ಇಷ್ಟ ಆಗೋದು ಅವರ ವಕೀಲಿ ಬುದ್ಧಿ. 1928ರಲ್ಲಿ ಮದ್ರಾಸಲ್ಲಿ ಶುರುವಾದ ಸಂಗೀತ ಸಂಸ್ಥೆ ಮ್ಯೂಸಿಕ್ ಅಕಾಡೆಮಿ ಕಟ್ಟಿದೋರಲ್ಲಿ ಅವ್ರೂ ಒಬ್ರು, ಅದೇ ವೇದಿಕೆಗೆ 1931ರಲ್ಲಿ ದೇವದಾಸಿ ಮನೆತನದ ಕಲ್ಯಾಣಿ ಅವರ ಹೆಣ್ಮಕ್ಕಳನ್ನ ಕರ್ಸಿ ಕುಣಿಸಿದ್ರು, ಜನ ಅಷ್ಟಾಗಿ ಬರ್ಲಿಲ್ಲ. 1932ರ ಕೊನೇಲಿ ದೇವದಾಸಿ ಪದ್ಧತಿ ನಿಲ್ಲಿಸ್ಬೇಕು ಅಂತ ಹೋರಾಡ್ತಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರಿಗೂ ಅಯ್ಯರ್‌ಗೂ ಪೇಪರಲ್ಲಿ ಪತ್ರದ ಮೇಲೆ ಪತ್ರ, ದೊಡ್ಡ ಜಟಾಪಟಿ. ಮುತ್ತುಲಕ್ಷ್ಮಿ ಅವರ ತಾಯೀನೇ ದೇವದಾಸಿ ಸಮುದಾಯದೋರು, ಹೆಣ್ಮಕ್ಕಳ ಪಾಡು ಹತ್ರದಿಂದ ಕಂಡಿದ್ರು, ಅವರ ಸಿಟ್ಟು ಸುಳ್ಳಲ್ಲ. ಪದ್ಧತಿ ಹೋಗ್ಲಿ, ಕಲೆ ಯಾಕೆ ಹೋಗ್ಬೇಕು ಅನ್ನೋದು ಅಯ್ಯರ್ ವಾದ. ಆಮೇಲೆ 1933ರಲ್ಲಿ ಅದೇ ಅಕ್ಕತಂಗಿಯರನ್ನ ಮತ್ತೆ ಕರ್ಸಿದಾಗ ಜನವೋ ಜನ! ಆ ಜಗಳಾನೇ ಪುಕ್ಕಟೆ ಪಬ್ಲಿಸಿಟಿ ಆಗಿರ್ಬೇಕು ಅನ್ಸುತ್ತೆ ನಂಗೆ.

ಬ್ರಾಹ್ಮಣ ಮನೆತನದ ರುಕ್ಮಿಣಿ ದೇವಿ ಅವರಿಗೆ ಮೈಲಾಪುರದ ಗೌರಿ ಅಮ್ಮನ ಹತ್ರ ಪಾಠ ಆಗೋ ಹಾಗೆ ಮಾಡಿದ್ರಲ್ಲೂ ಅಯ್ಯರ್ ಕೈ ಇತ್ತು. 1935ರಲ್ಲಿ ರುಕ್ಮಿಣಿ ದೇವಿ ಸ್ಟೇಜ್ ಹತ್ತಿದ್ರು, 1936ರಲ್ಲಿ ಅವರ ಡ್ಯಾನ್ಸ್ ಶಾಲೆ ಕಲಾಕ್ಷೇತ್ರ ಬಂತು, ಆಮೇಲೆ ದೊಡ್ಡ ಮನೆ ಮಕ್ಕಳೆಲ್ಲ ಕ್ಲಾಸಿಗೆ ಬಂದ್ರು. ಅಯ್ಯರ್‌ಗೆ 1966ರಲ್ಲಿ ಪದ್ಮಶ್ರೀನೂ ಸಿಕ್ತು, ಎರಡು ವರ್ಷಕ್ಕೆ ತೀರ್ಕೊಂಡ್ರು. ಆದ್ರೆ ತಲೆತಲಾಂತರದಿಂದ ಇದನ್ನ ಕಾಪಾಡ್ಕೊಂಡು ಬಂದಿದ್ದ ಮನೆ ಹೆಣ್ಮಕ್ಕಳಲ್ಲಿ ಎಷ್ಟೋ ಜನಕ್ಕೆ ಆ ವೇದಿಕೇಲಿ ಜಾಗಾನೇ ಉಳೀಲಿಲ್ಲ, ಅದನ್ನ ಬಿಟ್ಟು ಬರೀ ಲಾಯರ್ ಕಥೆ ಹೇಳಿದ್ರೆ ಅರ್ಧ ಹೇಳಿದ ಹಾಗೆ. ಗೌರಿ ಅಮ್ಮ ಕಪಾಲೀಶ್ವರ ದೇವಸ್ಥಾನದ ಸೇವೆಲಿದ್ದೋರು, ಹೆಸರಾಂತ ನರ್ತಕಿ ಬಾಲಸರಸ್ವತಿಗೂ ಅಭಿನಯ ಹೇಳ್ಕೊಟ್ಟೋರು. ಅವರ ಬಗ್ಗೆನೂ ಟೀಚರ್‌ನ ಕೇಳೋಕೆ ಹೇಳಿ ಮಗಳಿಗೆ.