ಹಳೇ ಕಾರಿನ ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಬಹುದಾ?

ಬಲ್ಬ್ ಕೂರುತ್ತದೆ, ಬೆಳಕೂ ಜಾಸ್ತಿ ಬರುತ್ತದೆ. ತೊಂದರೆ ಇರುವುದು ಆ ಬೆಳಕು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿ ಎಲ್ಲಿರುತ್ತದೋ ಅದಕ್ಕೆ ತಕ್ಕಂತೆ ರಿಫ್ಲೆಕ್ಟರ್ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಡಿಮ್‌ನಲ್ಲೇ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ಕಾಣದವರು ಬಂದು ಗುದ್ದುವುದು ನಿಮಗೇ ಅಲ್ವಾ?

100/90 ವ್ಯಾಟ್ (ಹೈ ಬೀಮ್‌ಗೆ 100, ಡಿಮ್‌ಗೆ 90) ಹ್ಯಾಲೊಜೆನ್ನೂ ಬೇಡ. 60/55ಕ್ಕೆ ಮಾಡಿದ ಹೋಲ್ಡರ್, ವೈರ್ ಬಿಸಿಯಾಗಿ ಕರಗಬಹುದು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. ಕರ್ನಾಟಕದಲ್ಲಂತೂ 2024ರ ಜುಲೈನಿಂದ ಕಣ್ಣು ಕುಕ್ಕುವ ಲೈಟುಗಳ ಮೇಲೆ ಪೊಲೀಸರು ಕೇಸ್ ಹಾಕತೊಡಗಿದರು.

ಮೊದಲು ಹಳದಿಗಟ್ಟಿದ ಲೈಟಿನ ಕವರ್ ಪಾಲಿಶ್ ಮಾಡಿಸಿ, ಬೀಮ್ ಎತ್ತರ ಸರಿ ಮಾಡಿಸಿ ನೋಡಿ. ಸುಮ್ನೆ ಯಾಕೆ ದುಡ್ಡು ಸುರೀತೀರಿ?