ಓದುಗರ ಪ್ರಶ್ನೆ: ಸಂಜೆ ಆರಕ್ಕೆ ಲ್ಯಾಬ್ ಬಿಡುವುದು ಹೇಗೆ?

ಪ್ರಶ್ನೆ: ಪಿಎಚ್‌ಡಿ ಎರಡನೇ ವರ್ಷ, ಜೀವಕೋಶ ಬೆಳೆಸುವ ಲ್ಯಾಬ್. ಮಗನಿಗೆ ಮೂರು ವರ್ಷ. ಡೇಕೇರ್‌ನವರು ಆರಕ್ಕೆ ಬಾಗಿಲು ಹಾಕುತ್ತಾರೆ. ನನ್ನ ಕೆಲಸ ಎಂಟಾದರೂ ಮುಗಿಯುವುದಿಲ್ಲ, ಭಾನುವಾರವೂ ಹೋಗಬೇಕು. ಅತ್ತೆಯವರು ಮಾತು ಬಿಟ್ಟಿದ್ದಾರೆ. ಪಿಎಚ್‌ಡಿ ಬಿಡಲೇ?
— ಹೆಸರು ಬೇಡ, ಉಡುಪಿ

ಉತ್ತರ: ಬಿಡುವ ಮಾತು ಆಮೇಲೆ. ಮೊದಲು ಆರು ಗಂಟೆಯಿಂದ ಹಿಂದಕ್ಕೆ ಎಣಿಸಿ. ಪ್ರಯೋಗ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕಿಂತ ಅದನ್ನು ಯಾವ ಹಂತದಲ್ಲಿ ನಿಲ್ಲಿಸಿ ಮನೆಗೆ ಹೋಗಬಹುದು ಎಂದು ನೋಡಿ. ಕೋಶದಲ್ಲಿನ ಒಂದು ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್ ಓಡಲು ಒಂದೂವರೆ ಗಂಟೆ, ಅವನ್ನು ತೆಳು ಹಾಳೆಗೆ (ಮೆಂಬ್ರೇನ್) ದಾಟಿಸುವ ಟ್ರಾನ್ಸ್‌ಫರ್‌ಗೆ ಹೆಚ್ಚುಕಡಿಮೆ ಅಷ್ಟೇ, ಹಾಳೆಯ ಖಾಲಿ ಜಾಗ ಮುಚ್ಚುವ ಬ್ಲಾಕಿಂಗ್‌ಗೆ ಒಂದು ಗಂಟೆ. ನಡುವಿನ ಜೋಡಣೆ ಸೇರಿ ಐದು ಗಂಟೆ. ಹತ್ತಕ್ಕೆ ಜೆಲ್‌ಗೆ ಸ್ಯಾಂಪಲ್ ಲೋಡ್ ಮಾಡಿದರೆ ಮೂರೂವರೆಯೊಳಗೆ ಮೆಂಬ್ರೇನ್, ಆ ಪ್ರೋಟೀನಿಗೆ ಅಂಟುವ ಪ್ರೈಮರಿ ಆ್ಯಂಟಿಬಾಡಿಯಲ್ಲಿ ಮುಳುಗಿ 4 ಡಿಗ್ರಿಗೆ ಹೋಗಿರುತ್ತದೆ. ರಾತ್ರಿಯಿಡೀ ಅದರ ಪಾಡಿಗೆ ಅದು.

ಎಂಟು ಗಂಟೆಯಾಗುವುದು ಬೇರೆ ಕಾರಣಕ್ಕೆ. ಅದೇ ಬೆಳಿಗ್ಗೆ ಕೋಶ ಒಡೆದು, ಪ್ರೋಟೀನ್ ಅಳೆದು, ಜೆಲ್ ಎರೆಯಲು ಕೂತರೆ ಲೋಡ್ ಮಾಡುವಾಗಲೇ ಊಟದ ಹೊತ್ತು ದಾಟಿರುತ್ತದೆ. ಒಡೆದ ಕೋಶದ ದ್ರವವನ್ನು, ಅಂದರೆ ಲೈಸೇಟನ್ನು, ಹಿಂದಿನ ವಾರವೇ ಮಾಡಿ, ಒಂದು ಜೆಲ್‌ಗೆ ಸಾಲುವಷ್ಟನ್ನು ಒಂದೊಂದು ಪುಟ್ಟ ಟ್ಯೂಬ್‌ಗೆ ಹಾಕಿ ಮೈನಸ್ 80ರಲ್ಲಿಡಿ. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿದರೆ ಪ್ರೋಟೀನ್ ಹಾಳಾಗುತ್ತದೆ. ಜೆಲ್ ಕೂಡ ಹಿಂದಿನ ಸಂಜೆ ಎರೆದು, ಒದ್ದೆ ಟಿಶ್ಯೂ ಸುತ್ತಿ ಫ್ರಿಜ್‌ನಲ್ಲಿಟ್ಟು ಬನ್ನಿ.

ಭಾನುವಾರದ್ದು ಬರೀ ಲೆಕ್ಕ. ಹೀಲಾ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯನ ಕೋಶ) ತರಹದ ಕೋಶ 24 ಗಂಟೆಗೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳಿ. ಶುಕ್ರವಾರ ಸಂಜೆಯಿಂದ ಸೋಮವಾರ ಸಂಜೆಗೆ ಎಂಟು ಪಟ್ಟು. ಫ್ಲಾಸ್ಕಿನ ತಳದ ಶೇ 10 ತುಂಬುವಷ್ಟು ಹಾಕಿದರೆ ಸೋಮವಾರ ಶೇ 80. ಶೇ 40 ಹಾಕಿದಿರೋ, ಭಾನುವಾರ ಬೆಳಿಗ್ಗೆಗೇ ತುಂಬಿ, ಕೋಶಕ್ಕೆ ಆಹಾರವಾದ ಕೆಂಪು ದ್ರವ (ಮೀಡಿಯಾ) ಹಳದಿಗೆ ತಿರುಗಿ ನಿಮ್ಮನ್ನು ಕರೆಯುತ್ತದೆ. ನಿಮ್ಮ ಕೋಶದ ವೇಗವನ್ನು ಒಮ್ಮೆ ನೀವೇ ಎಣಿಸಿ ಬರೆದಿಡಿ. ಬ್ಯಾಕ್ಟೀರಿಯಾ ಬೆಳೆಸುವ ಆ್ಯಂಪಿಸಿಲಿನ್ (ಆ್ಯಂಟಿಬಯೋಟಿಕ್) ಪ್ಲೇಟನ್ನಂತೂ ಶುಕ್ರವಾರ ಹಾಕಲೇಬೇಡಿ. 37 ಡಿಗ್ರಿಯಲ್ಲಿ ಎರಡು ದಿನ ಬಿಟ್ಟರೆ ದೊಡ್ಡ ಕಾಲೊನಿಗಳು ಸುತ್ತಲಿನ ಔಷಧವನ್ನು ಒಡೆದುಬಿಡುತ್ತವೆ, ಅಲ್ಲಿ ಪ್ಲಾಸ್ಮಿಡ್ (ಔಷಧ ತಡೆಯುವ ಜೀನ್ ಹೊತ್ತ ಡಿಎನ್‌ಎ ಉಂಗುರ) ಇಲ್ಲದ ಮರಿ ಕಾಲೊನಿಗಳು ಏಳುತ್ತವೆ. ಗುರುವಾರ ಸಂಜೆ ಹಾಕಿ, ಶುಕ್ರವಾರ ಬೆಳಿಗ್ಗೆ ತೆಗೆದು ಫ್ರಿಜ್‌ಗೆ ಸೇರಿಸಿ.

ಅತ್ತೆಯವರ ಮುನಿಸಿಗೆ ತಡವಾಗುವುದಕ್ಕಿಂತ "ಇವತ್ತು ತಡವಾಗಬಹುದು" ಎಂಬ ಫೋನೇ ಮೂಲವಿರಬಹುದು. ತಡದ ದಿನ ವಾರಕ್ಕೊಂದೇ, ಬುಧವಾರ ಅಂತಿರಲಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಅಂದು ಮಗನನ್ನು ಕರೆತರುವುದು ಗಂಡನ ಪಾಲು. (ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲವಲ್ಲ!)

ಇನ್ನು ಬಿಡುವ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್‌ಡಿಗೆ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಉಂಟು. ಹೆರಿಗೆ ಅಥವಾ ಮಕ್ಕಳ ಆರೈಕೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಗೈಡ್ ಬಳಿ ಬಾಯಿಮಾತಲ್ಲಿ ಕೇಳಿ ಸುಮ್ಮನಾಗದೆ ಅರ್ಜಿ ಬರೆದು ಕೊಡಿ. ಒಂದು ನೆನಪಿರಲಿ: ಜೆಆರ್‌ಎಫ್ (ಕಿರಿಯ), ಎಸ್‌ಆರ್‌ಎಫ್ (ಹಿರಿಯ) ಸೇರಿ ಸಂಶೋಧನಾ ಫೆಲೋಶಿಪ್ ಐದೇ ವರ್ಷ. ನೋಂದಣಿ ಉಳಿದರೂ ದುಡ್ಡು ನಿಲ್ಲುತ್ತದೆ.

ಪ್ರಶ್ನೆ: ಡಿಗ್ರಿ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ವಾರಕ್ಕೆ 16 ಗಂಟೆ ಪಾಠ. ಪ್ರತಿ ರಜೆಗೂ ಪೇಪರ್ ಬರೆಯಬೇಕೆಂದುಕೊಳ್ಳುತ್ತೇನೆ, ಆಗುವುದಿಲ್ಲ.
— ಓದುಗ, ಮಂಗಳೂರು

ಉತ್ತರ: ರಜೆಯನ್ನು ನಂಬಿದ್ದೇ ತಪ್ಪು. ಸೆಮಿಸ್ಟರ್ ರಜೆ ಮೌಲ್ಯಮಾಪನಕ್ಕೆ ಹೋಗುತ್ತದೆ. ಉಳಿದದ್ದು, ಅದರಲ್ಲೂ ಏಪ್ರಿಲ್–ಮೇ, ನಮ್ಮ ಕಡೆ ಮದುವೆ, ಭೂತದ ನೇಮ, ದೇವಸ್ಥಾನದ ಬ್ರಹ್ಮಕಲಶಕ್ಕೆ. ಯುಜಿಸಿ ಲೆಕ್ಕದ 40 ಗಂಟೆಯ ವಾರದಲ್ಲಿ ಪಾಠದ 16 ಕಳೆದರೆ 24 ಗಂಟೆ ಉಳಿಯುತ್ತದೆ. ಆದರೆ ನಡುನಡುವೆ ಒಂದೊಂದು ಗಂಟೆಯಾಗಿ ಚದುರಿರುವುದರಿಂದ ಯಾವುದಕ್ಕೂ ಒದಗುವುದಿಲ್ಲ. ಟೈಮ್‌ಟೇಬಲ್ ಹಾಕುವ ಮೊದಲೇ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಹೋಗಿ. ಪ್ರಾಕ್ಟಿಕಲ್‌ಗಳೆಲ್ಲ ಎರಡೇ ದಿನಕ್ಕೆ ಬರಲಿ, ಬೇರೆ ಎರಡು ದಿನ ಮೊದಲ ಎರಡು ಪಿರಿಯಡ್ ಖಾಲಿ ಇರಲಿ ಎಂದು ಕೇಳಿ. ಆಮೇಲೆ ಕೇಳಿದರೆ ಸಿಗದು. ಸ್ಟಾಫ್ ರೂಮ್ ಬೇಡ, ಲೈಬ್ರರಿಯಲ್ಲಿ ಕೂತುಕೊಳ್ಳಿ. ಮೊದಲು ಚಿತ್ರ, ಕೋಷ್ಟಕ ಸಿದ್ಧ ಮಾಡಿ. ಪೀಠಿಕೆಯಿಂದ ಶುರು ಮಾಡಿದ ಪೇಪರ್ ಅಲ್ಲಿಯೇ ಹೂತುಹೋಗುತ್ತದೆ.

ಪ್ರಶ್ನೆ: ಮೀನುಗಾರಿಕೆ ಸಂಶೋಧಕ. ದಕ್ಕೆಯಿಂದ (ಮೀನುದೋಣಿ ನಿಲ್ಲುವ ಬಂದರು) ತಿಂಗಳು ತಿಂಗಳು ಸ್ಯಾಂಪಲ್ ತರಬೇಕು. ಮದುವೆ ಯಾವಾಗ ಇಟ್ಟುಕೊಳ್ಳಲಿ?
— ಓದುಗ, ಮಂಗಳೂರು

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಟ್ರಾಲರ್ ಮೀನು ಬರುವುದಿಲ್ಲ. ಜುಲೈ ನಡುವಿಗೆ ಆಟಿ (ಶುಭಕಾರ್ಯ ಮಾಡದ ತುಳು ತಿಂಗಳು) ಶುರು, ಮನೆಯ ಹಿರಿಯರು ಒಪ್ಪಲಾರರು. ಹಾಗಾಗಿ ಜೂನ್. ಮಳೆಗೆ ಹೆದರದ ಹಾಲ್ ಹುಡುಕಿ. ನೀವು ರಜೆಯಲ್ಲಿರುವಾಗ ಗುಡುಗಿಗೆ ಕರೆಂಟ್ ಹೋದರೆ ಫ್ರೀಜರಿನದ್ದು ಕರಗೀತು. ಡಿಎನ್‌ಎಗೆ ಬೇಕಾದ ತುಂಡುಗಳನ್ನು ಹೋಗುವ ಮೊದಲೇ ಶೇ 95ರ ಎಥನಾಲ್‌ಗೆ ಹಾಕಿಡಿ, ಫಾರ್ಮಲಿನ್‌ಗೆ ಬೇಡ. ಅದು ಡಿಎನ್‌ಎಯನ್ನು ಕೆಡಿಸುತ್ತದೆ.